ಊರಿನ ಚರಿತ್ರೆಯನ್ನು ಕಾಪಾಡುವ ಬಗೆ

ಚರಿತ್ರೆಯೆಂದೊಡನೆ ಅರಸರೂ ಅವರ ಕಾಳಗಗಳೂ ನಮ್ಮ ನೆನಪಿಗೆ ಬರುವುದು ಸಹಜ. ಪಠ್ಯಪುಸ್ತಕದಲ್ಲಿ ಪುಲಿಕೇಶಿಯ ದಿಗ್ವಿಜಯವುಂಟು, ಕೃಷ್ಣದೇವರಾಯನ ವೈಭವವುಂಟು. ಆದರೆ ನಾವು ವಾಸಿಸುವ ಬೀದಿಗೆ ಆ ಹೆಸರು ಹೇಗೆ ಬಂದಿತು, ಊರ ಕೆರೆಯನ್ನು ಯಾರು ಕಟ್ಟಿಸಿದರು, ಶಾಲೆಯ ಮೊದಲ ತರಗತಿ ಯಾರ ಮನೆಯ ಜಗಲಿಯಲ್ಲಿ ನಡೆಯಿತು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿರುವುದಿಲ್ಲ. ಇವುಗಳಿಗೆ ಉತ್ತರ ಹೇಳತಕ್ಕುದು ಸ್ಥಳೀಯ ಚರಿತ್ರೆ. ರಾಜ್ಯದ ಚರಿತ್ರೆಯನ್ನು ಕಾಯಲು ಶಾಸನಗಳೂ ಸರಕಾರದ ದಫ್ತರಗಳೂ ಇವೆ. ಊರಿನ ಚರಿತ್ರೆಗೆ ಊರಿನವರೇ ಕಾವಲು. ಅವರು ಮರೆತರೆ ಅದು ಅಳಿದಂತೆಯೇ.

ಈ ಕೆಲಸದ ಹಿರಿಯ ಉದಾಹರಣೆಯೊಂದು ನಾವಿರುವ ಚೆನ್ನೈ ನಗರದಲ್ಲಿಯೇ ಇದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ನೇಮಕಗೊಂಡ ಕಾಲಿನ್ ಮೆಕೆಂಜಿ ಎಂಬ ಅಧಿಕಾರಿಯು ನೆಲವನ್ನು ಅಳೆದುದಷ್ಟೇ ಅಲ್ಲದೆ ಆ ನೆಲದ ಕಥೆಯನ್ನೂ ಕೇಳಿಸಿದನು. ಕಾವಲಿ ವೆಂಕಟ ಬೋರಯ್ಯ, ಅವರ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರು ಅವನಿಗೆ ನೆರವಾದರು. ಧರ್ಮಯ್ಯನವರು ಹಳಗನ್ನಡ ಶಾಸನಗಳನ್ನು ಓದಬಲ್ಲವರಾಗಿದ್ದರು. ಹೀಗೆ ಊರೂರು ತಿರುಗಿದವರು ಶಾನುಭೋಗರ ಕಡತಗಳನ್ನು ನಕಲು ಮಾಡಿಕೊಂಡರು. ಅರ್ಚಕರನ್ನೂ ಹಿರಿಯರನ್ನೂ ಕೇಳಿ ಬರೆದುಕೊಂಡರು. ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಸಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಒರೆಸಿದರೆ ಅಳಿಸಿಹೋಗುವ ಇಂತಹ ಬರಹವನ್ನು ಕಾಗದಕ್ಕೆ ಇಳಿಸಿದುದರಿಂದಲೇ ಎಷ್ಟೋ ಊರುಗಳ ವೃತ್ತಾಂತ ಇಂದಿಗೂ ಉಳಿದಿದೆ. ಈ ವೃತ್ತಾಂತಗಳಿಗೆ ಕೈಫಿಯತ್ತುಗಳೆಂದು ಹೆಸರು.

ಮೆಕೆಂಜಿಯು 1821ರಲ್ಲಿ ತೀರಿಕೊಂಡನು. ಅವನ ಸಂಗ್ರಹದಲ್ಲಿ 8,000ಕ್ಕೂ ಮಿಕ್ಕ ಶಾಸನಗಳ ಪ್ರತಿಗಳಿದ್ದವು. ಅದರಲ್ಲಿದ್ದ ದಕ್ಷಿಣ ಭಾಷೆಗಳ ಬರಹಗಳು ಮದರಾಸಿಗೆ ಬಂದು, ಮುಂದೆ ಸರಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರವನ್ನು ಸೇರಿದವು. ಅವುಗಳಲ್ಲಿಯ ಕನ್ನಡ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಪ್ರಕಟಿಸಿತು. ಬರೆದಿಟ್ಟವರಿಗೂ ಅಚ್ಚಿನಲ್ಲಿ ಓದಿದವರಿಗೂ ನಡುವೆ ಸುಮಾರು ಎರಡು ಶತಮಾನಗಳ ಅಂತರವಿದ್ದರೂ ಆ ಶ್ರಮ ವ್ಯರ್ಥವಾಗಲಿಲ್ಲ.

ಇನ್ನು ವಿದ್ಯೆಯಿಂದಲೇ ಹೆಸರಾದ ಊರೊಂದನ್ನು ನೋಡೋಣ. ಧಾರವಾಡವು ದೊಡ್ಡ ವ್ಯಾಪಾರದ ಪಟ್ಟಣವಾಗಿರಲಿಲ್ಲ. ಶಾಲೆ, ಕಾಲೇಜು, ಪುಸ್ತಕ, ಸಂಘ ಇವುಗಳಿಂದ ಅದಕ್ಕೆ ಕೀರ್ತಿ ಬಂದಿತು. ಮರಾಠಿಯ ಪ್ರಾಬಲ್ಯವಿದ್ದ ಕಾಲದಲ್ಲಿ, 1890ರಲ್ಲಿ, ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಅಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರು ಜನರಿಂದ ಹಣ ಕೂಡಿಸಿದುದರ ಫಲವಾಗಿ 1917ರಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾಯಿತು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವು ಹೊರಬಂದುದೂ ಅದೇ ವರ್ಷ. 1939ರಲ್ಲಿ ಕನ್ನಡ ಸಂಶೋಧನಾ ಸಂಸ್ಥೆಯು ಅಲ್ಲಿಯೇ ಆರಂಭವಾಗಿ ಶಾಸನ, ಹಸ್ತಪ್ರತಿ, ಶಿಲ್ಪಗಳನ್ನು ಕೂಡಿಸತೊಡಗಿತು.

ಆ ಕಾಲೇಜಿನ ಕಲ್ಲಿನ ಕಟ್ಟಡವು ನಮಗೆ ಒಂದು ಪಾಠವನ್ನೇ ಹೇಳುತ್ತದೆ. ಅದನ್ನು ಕಟ್ಟಿಸಿದ್ದು ವಿದ್ಯಾರ್ಥಿಗಳಿಗಾಗಿ ಅಲ್ಲ. ಅದು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿದ್ದಿತು. ರೈಲ್ವೆಯವರು ಅದನ್ನೇಕೆ ಬಿಟ್ಟುಹೋದರು? ಇದರ ಉತ್ತರ ಧಾರವಾಡದಲ್ಲಿಲ್ಲ, ಚೆನ್ನೈಯಲ್ಲಿದೆ. 1908ರಲ್ಲಿ ಆ ರೈಲ್ವೆಯು ಮದರಾಸು ರೈಲ್ವೆಯೊಡನೆ ಕೂಡಿ ಒಂದೇ ಸಂಸ್ಥೆಯಾಯಿತು; ಮುಖ್ಯ ಕಚೇರಿ ಮದರಾಸಿಗೆ ಬಂದಿತು. ಸೆಂಟ್ರಲ್ ನಿಲ್ದಾಣದ ಬಳಿ ನಾವು ಕಾಣುವ ದಕ್ಷಿಣ ರೈಲ್ವೆಯ ಭವ್ಯ ಭವನವು ಆ ಕೂಡಿದ ಸಂಸ್ಥೆಗಾಗಿಯೇ ಕಟ್ಟಲ್ಪಟ್ಟು 1922ರಲ್ಲಿ ತೆರೆಯಿತು. ಅತ್ತ ಧಾರವಾಡದಲ್ಲಿ ತೆರವಾದ ಕಟ್ಟಡವು ಮುಂದೆ ಕಾಲೇಜಿಗೆ ದೊರೆಯಿತು. ನೋಡಿ, ಒಂದು ಕಥೆಯ ಅರ್ಧ ಒಂದು ಊರಿನಲ್ಲಿ, ಇನ್ನರ್ಧ ಇನ್ನೊಂದು ಊರಿನಲ್ಲಿ! ಎರಡನ್ನೂ ಜೋಡಿಸುವವರು ಇಲ್ಲದಿದ್ದರೆ ಕಟ್ಟಡ ಉಳಿದರೂ ಅದರ ಅರ್ಥ ಉಳಿಯದು.

ಕಾಲೇಜಿನ ಊರಿಗೆ ವಿಶೇಷವಾದ ತೊಡಕೊಂದುಂಟು. ಅಲ್ಲಿಗೆ ಹೊಸಬರು ಬರುತ್ತಾರೆ, ಕೆಲವು ವರ್ಷ ಓದುತ್ತಾರೆ, ಹೊರಟುಹೋಗುತ್ತಾರೆ. ಅವರು ಊಟ ಮಾಡಿದ ಖಾನಾವಳಿ, ಬಾಡಿಗೆಗಿದ್ದ ಕೋಣೆ, ಸಾಲ ಕೊಟ್ಟ ಪುಸ್ತಕದ ಅಂಗಡಿ, ನೀರು ಕಾಯಿಸಿಕೊಟ್ಟ ಅಜ್ಜಿ ಇವೆಲ್ಲ ಕಾಲೇಜಿನ ದಾಖಲೆಯಲ್ಲಿ ಸಿಗುವುದಿಲ್ಲ. ಅಲ್ಲಿರುವುದು ಹೆಸರು ಮತ್ತು ಅಂಕ ಮಾತ್ರ. ಊರಿನ ಜೀವವೋ ಚದುರಿಹೋದವರ ನೆನಪಿನಲ್ಲಿರುತ್ತದೆ. ಆ ನೆನಪು ಅವರೊಡನೆಯೇ ಮುಗಿಯುತ್ತದೆ.

ಹಾಗಾದರೆ ವಿದ್ಯಾರ್ಥಿಗಳಾದ ನಾವು ಏನು ಮಾಡಬಹುದು? ಮೊದಲನೆಯದಾಗಿ, ಹಿರಿಯರನ್ನು ಕೇಳಿ ಬರೆದುಕೊಳ್ಳಬೇಕು. ಹೇಳಿದವರು ಯಾರು, ಎಂದು, ಎಲ್ಲಿ ಹೇಳಿದರು ಎಂಬುದನ್ನು ಮೇಲ್ಗಡೆ ಗುರುತಿಸಬೇಕು. ಅವರ ಮಾತನ್ನು ಅವರ ಆಡುನುಡಿಯಲ್ಲಿಯೇ ಬರೆಯಬೇಕು; ನಮ್ಮ ಗ್ರಾಂಥಿಕ ಭಾಷೆಗೆ ತಿದ್ದುವುದು ಸಲ್ಲದು. ಎರಡನೆಯದಾಗಿ, ಕಂಡದ್ದನ್ನೂ ಕೇಳಿದ್ದನ್ನೂ ಬೇರೆಯಾಗಿಡಬೇಕು. ಕೈಫಿಯತ್ತುಗಳಲ್ಲಿ ದೇವರ ಪವಾಡವೂ ತೆರಿಗೆಯ ಲೆಕ್ಕವೂ ಒಟ್ಟಿಗೆ ಬರುವುದುಂಟು. ಪವಾಡವನ್ನು ನಡೆದ ಸಂಗತಿಯೆನ್ನಲಾಗದು. ಆದರೂ ಊರಿನವರು ಏನನ್ನು ನಂಬಿದ್ದರೆಂಬುದಕ್ಕೆ ಅದೇ ಸಾಕ್ಷಿ. ಆದುದರಿಂದ ಅದನ್ನು ಬಿಡಬಾರದು, ಬೇರೊಂದು ಆಧಾರದೊಡನೆ ಹೋಲಿಸದೆ ಒಪ್ಪಲೂ ಬಾರದು.

ಮೂರನೆಯದಾಗಿ, ಹಳೆಯ ಚಿತ್ರಗಳ ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ವರ್ಷ, ಸ್ಥಳಗಳನ್ನು ಬರೆಯಬೇಕು. ಹೆಸರಿಲ್ಲದ ಚಿತ್ರವು ಐವತ್ತು ವರ್ಷಗಳಲ್ಲಿ ಅಪರಿಚಿತರ ಗುಂಪಾಗುತ್ತದೆ. ಹರಿದ ಕಾಗದಕ್ಕೆ ಅಂಟುಪಟ್ಟಿ ಹಚ್ಚಬಾರದು; ಅದು ಕೆಲಕಾಲದಲ್ಲಿ ಹಳದಿಯಾಗಿ ಬರಹವನ್ನೇ ಕೆಡಿಸುತ್ತದೆ. ನಾಲ್ಕನೆಯದಾಗಿ, ಒಂದೇ ಪ್ರತಿಯನ್ನು ನಂಬಬಾರದು. ಕೈದೂರವಾಣಿಯಲ್ಲಿ ತೆಗೆದ ಚಿತ್ರವು ಯಂತ್ರ ಕೆಟ್ಟೊಡನೆ ಮಾಯವಾಗಬಹುದು. ಒಂದು ಪ್ರತಿ ಮನೆಯಲ್ಲಿಯೂ ಒಂದು ಗ್ರಂಥಾಲಯದಲ್ಲಿಯೂ ಇರಲಿ. ಕೊನೆಯದಾಗಿ, ಮೂಲಪತ್ರವು ಯಾರದೋ ಅವರಲ್ಲಿಯೇ ಇರಬೇಕು. ಅವರ ಅನುಮತಿಯಿಲ್ಲದೆ ಮನೆಯ ಮಾತನ್ನು ಬೀದಿಗೆ ತರಬಾರದು.

ಚೆನ್ನೈಯ ಕನ್ನಡಿಗರಿಗೆ ಈ ಕೆಲಸ ಹೆಚ್ಚಿನ ಅಗತ್ಯ. ಬಳ್ಳಾರಿಯು 1953ರವರೆಗೆ, ದಕ್ಷಿಣ ಕನ್ನಡವು 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದವು. ಓದಿಗಾಗಿ, ಉದ್ಯೋಗಕ್ಕಾಗಿ, ಹೋಟೆಲಿನ ಕಸುಬಿಗಾಗಿ ನಮ್ಮವರು ಈ ನಗರಕ್ಕೆ ಬಂದರು. 1838ರಷ್ಟು ಹಿಂದೆಯೇ ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರ ‘ಹೊಸಗನ್ನಡ ನುಡಿಗನ್ನಡಿ’ ಎಂಬ ವ್ಯಾಕರಣ ಇಲ್ಲಿ ಅಚ್ಚಾಯಿತು. ಆದರೆ ನಮ್ಮ ಅಜ್ಜ ಅಜ್ಜಿಯರು ಯಾವ ಊರಿನಿಂದ, ಯಾವ ವರ್ಷ, ಯಾರ ಆಸರೆ ನಂಬಿ ಬಂದರೆಂಬುದನ್ನು ಯಾವ ಸರಕಾರವೂ ಬರೆದಿಡುವುದಿಲ್ಲ. ಕನ್ನಡದಲ್ಲಿ ಓದುವ ಮಕ್ಕಳು ವಿರಳವಾಗಿರುವ ಊರಿನಲ್ಲಿ, ಆ ಮಾತನ್ನು ಅವರ ನುಡಿಯಲ್ಲಿಯೇ ಕೇಳಿ ಬರೆಯಬಲ್ಲವರು ನಾವೇ.

ನಮ್ಮ ವಾರ್ಷಿಕ ಸಂಚಿಕೆಯೂ ಒಂದು ದಾಖಲೆಯೆಂಬುದನ್ನು ಮರೆಯಬಾರದು. ಇಂದು ನಾವು ನಮ್ಮ ಹೆಸರನ್ನಷ್ಟೇ ಹುಡುಕಿ ಪುಟ ತಿರುವುತ್ತೇವೆ. ಮುಂದೆ ಇದನ್ನು ತೆರೆಯುವವರು ಈ ಊರಿನಲ್ಲಿ ಕನ್ನಡ ಕಲಿತವರು ಯಾರೆಂದು ಹುಡುಕುವರು. ಬರುವ ರಜೆಯಲ್ಲಿ ಪ್ರತಿಯೊಬ್ಬರೂ ಮನೆಯ ಹಿರಿಯರೊಬ್ಬರನ್ನು ಕೇಳಿ ಎರಡು ಪುಟ ಬರೆದು ತಂದರೆ, ಅದೇ ನಮ್ಮ ಶಾಲೆಯ ಕೈಫಿಯತ್ತಾಗುವುದು.