ಪುಟ್ಟಿಯ ಕಂಸಾಳೆ

ಕೊಳ್ಳೇಗಾಲದ ಕಡೆ ಒಂದು ಹಳ್ಳಿ. ಅಲ್ಲಿ ಒಂದು ಮನೆಯಲ್ಲಿ ಕೂಸಿಗೆ ಹೆಸರಿಡುವ ಶಾಸ್ತ್ರ. ಚಪ್ಪರ ಹಾಕಿದ್ದರು. ಪಾಯಸ ಮಾಡಿದ್ದರು. ಮನೆ ತುಂಬ ನೆಂಟರು. ಕೂಸಿಗೆ ಐದು ತಿಂಗಳು.

ಕೂಸಿನ ಅಕ್ಕ ಪುಟ್ಟಿ. ಅವಳಿಗೆ ಹತ್ತು ವರ್ಷ. ಐದನೇ ಕ್ಲಾಸು. ಅವ್ವ ಮತ್ತೆ ಕೂಲಿಗೆ ಹೊರಟಾಗ ಪುಟ್ಟಿಯನ್ನು ಶಾಲೆ ಬಿಡಿಸಿದರು. ಕೂಸು ನೋಡಿಕೊಳ್ಳೋರು ಬೇಕಲ್ಲ! ಎರಡು ತಿಂಗಳಾಯಿತು. ಇಂಥದ್ದು ನಮ್ಮ ಕೇರಿಯಲ್ಲೂ ಉಂಟು, ಅಲ್ವೇನಮ್ಮಾ?

ಊಟ ಮುಗಿಯಿತು. ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. ಪುಟ್ಟಿ ಒಳಗಿನಿಂದ ಬಂದಳು. ಸೊಂಟಕ್ಕೆ ಅಪ್ಪನ ಟವೆಲ್ ಬಿಗಿದಿದ್ದಳು. ಎಡಗೈಯಲ್ಲಿ ಬಟ್ಟಲು. ಬಲಗೈಯಲ್ಲಿ ಡಬ್ಬಿಯ ಮುಚ್ಚಳ. ಮುಚ್ಚಳಕ್ಕೆ ಒಂದು ದಾರ.

"ಏನೇ ಇದು ವೇಷ?" ಅಂತ ಅತ್ತೆ ನಕ್ಕಳು.

ಪುಟ್ಟಿ ಮಾತಾಡಲಿಲ್ಲ. ದಾರ ಹಿಡಿದು ಮುಚ್ಚಳ ಬೀಸಿದಳು. ಟಣ್! ಬಟ್ಟಲಿಗೆ ಬಡಿಯಿತು. ತಲೆಯ ಮೇಲೆ ಬೀಸಿದಳು. ಬೆನ್ನ ಹಿಂದೆ ಬೀಸಿದಳು. ಕೂತಳು, ಎದ್ದಳು, ಗಿರ್ರನೆ ತಿರುಗಿದಳು. ಒಂದು ಸಲ ಗುರಿ ತಪ್ಪಿ ಮೊಣಕೈಗೆ ಬಡಿಯಿತು. ತುಟಿ ಕಚ್ಚಿಕೊಂಡು ಮತ್ತೆ ಬೀಸಿದಳು. ನಗುತ್ತಿದ್ದವರು ಸುಮ್ಮನಾದರು.

ಇದು ಬೀಸು ಕಂಸಾಳೆ. ಮಲೆ ಮಹದೇಶ್ವರನ ದೇವರಗುಡ್ಡರ ಕುಣಿತ. ನಿಜವಾದ ಕಂಸಾಳೆ ಕಂಚಿನದು. ಒಂದು ತಾಳ ಬಟ್ಟಲಿನ ಹಾಗೆ. ಇನ್ನೊಂದು ಚಪ್ಪಟೆ, ಅದರ ನಡುವೆ ದಾರ. ಹಿಂದೆ ಗಂಡಸರೇ ಕುಣಿಯುತ್ತಿದ್ದರು. ಈಗ ಹೆಣ್ಣುಮಕ್ಕಳೂ ಕಲಿಯುತ್ತಾರೆ.

"ಎಲ್ಲಿ ಕಲ್ತೆ ಮಗ?" ಅಜ್ಜಿ ಕೇಳಿದಳು.

"ಸ್ಕೂಲಲ್ಲಿ ರಾಜ್ಯೋತ್ಸವಕ್ಕೆ ಕಲಿಸ್ತಿದ್ರು. ನಾನು ಪಾಪೂನ ಎತ್ಕೊಂಡು ಬೇಲಿ ಹತ್ರ ನಿಂತು ನೋಡ್ತಿದ್ದೆ."

"ಒಳಗೆ ಹೋಗಬಾರದಿತ್ತಾ?"

"ಪಾಪು ಅತ್ರೆ?"

ಯಾರೂ ಮಾತಾಡಲಿಲ್ಲ. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

6ರಿಂದ 14 ವರ್ಷದ ಮಕ್ಕಳಿಗೆ ಶಾಲೆ ಹಕ್ಕು. ಆ ಕಾನೂನು 2010ರಲ್ಲಿ ಜಾರಿಗೆ ಬಂತು. ಅದು ಅಪ್ಪನಿಗೂ ಗೊತ್ತಿತ್ತು. ಆದರೆ ಅವ್ವನ ಕೂಲಿ ತಪ್ಪಿದರೆ ಸಂತೆಗೆ ದುಡ್ಡಿಲ್ಲ. ಕಾನೂನು ಬಂದು ಕೂಸು ಎತ್ತಿಕೊಳ್ಳೋದಿಲ್ಲವಲ್ಲ!

ರಾತ್ರಿ ಕೂತು ಲೆಕ್ಕ ಹಾಕಿದರು. ಅಜ್ಜಿಯೂ ಕೂಲಿಗೆ ಹೋಗುವವಳೇ.

"ಮೂರು ದಿನ ನಾನು ಮನೇಲಿರ್ತೀನಿ. ಮೂರು ದಿನ ನೀನಿರು" ಅಂದಳು ಸೊಸೆಗೆ.

"ನಾನು ಬೀಡಿ ಬಿಡ್ತೀನಿ" ಅಂದ ಅಪ್ಪ. ಬಿಟ್ಟನೋ ಇಲ್ಲವೋ, ಕಾಣೆ.

ಸೋಮವಾರ ಬೆಳಿಗ್ಗೆ ಪುಟ್ಟಿ ಶಾಲೆಯ ಚೀಲ ಹುಡುಕಿದಳು. ಅದರ ತುಂಬ ಕೂಸಿನ ಬಟ್ಟೆ ಇತ್ತು. ಬಟ್ಟೆ ತೆಗೆದು ಮಡಿಸಿಟ್ಟಳು. ಪುಸ್ತಕ ತುಂಬಿಕೊಂಡಳು.

ಮಾತಾಡೋಣ:
ನೀವು ಚಿಕ್ಕವರಿದ್ದಾಗ ಯಾವ ಕುಣಿತ ಕಲಿತಿದ್ದಿರಿ? ಯಾವಾಗ ಬಿಟ್ಟಿರಿ?
ನಿಮ್ಮ ಕೇರಿಯಲ್ಲಿ ಕೂಸು ಎತ್ತಿಕೊಂಡು ಬೇಲಿ ಹತ್ತಿರ ನಿಲ್ಲುವ ಹುಡುಗಿ ಇದ್ದಾಳೆಯೇ? ಅವಳ ಹೆಸರು ಬರೆಯಿರಿ.