ಬುಟ್ಟಿಗೆ ಬೀಳುವ ಚೆಂಡಿನ ಗಣಿತ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಆಟಗಾರನೊಬ್ಬನು ಕಾಲೇಜಿನ ತಂಡದಲ್ಲಿ ಆಡಬೇಕೆಂದು ಹಂಬಲಿಸುವುದು ಸಾಮಾನ್ಯ ಸಂಗತಿ. ಆ ಹಂಬಲವು ಕೈಗೂಡುವುದು ಮಾತ್ರ ವಿರಳ. ಹೈಸ್ಕೂಲಿನಲ್ಲಿ ಆಡುವ ನೂರು ಹುಡುಗರಲ್ಲಿ ಮೂವರೋ ನಾಲ್ವರೋ ಕಾಲೇಜಿನ ಅಂಗಳವನ್ನು ಮೆಟ್ಟುತ್ತಾರೆ. ಅಲ್ಲಿಯ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್.ಸಿ.ಎ.ಎ. ಸಂಸ್ಥೆಯ ಪ್ರಥಮ ವಿಭಾಗದಲ್ಲಿ ಆಡಬೇಕಾದರೆ ಹುಡುಗನು 16 ಮುಖ್ಯ ಪಾಠಕ್ರಮಗಳನ್ನು ಮುಗಿಸಿರಬೇಕು. ಅವುಗಳಲ್ಲಿ ಮೂರು ವರ್ಷದ ಗಣಿತವೂ ಎರಡು ವರ್ಷದ ವಿಜ್ಞಾನವೂ ಸೇರಿವೆ. ಇವನ್ನು ದಾರಿಯ ಸುಂಕವೆಂದು ಭಾವಿಸಿ ತೆತ್ತು ಮುಂದೆ ಸಾಗುವವರೇ ಹೆಚ್ಚು. ಆದರೆ ಆ ಪಾಠಗಳೇ ಅವನ ಕೈಯ ಚೆಂಡಿನ ವಿಷಯವಾಗಿ ಏನು ಹೇಳುತ್ತವೆಂಬುದನ್ನು ವಿಚಾರಿಸೋಣ.

ಮೈಯ ಎತ್ತರವನ್ನು ಯಾರೂ ಅಭ್ಯಾಸದಿಂದ ಗಳಿಸಲಾರರು. ಫ್ರೀ ಥ್ರೋ ಎಸೆತವನ್ನಾದರೋ ಗಳಿಸಬಹುದು. ಎದುರಾಳಿ ತಪ್ಪೆಸಗಿದಾಗ ದೊರೆಯುವ ಈ ಎಸೆತದಲ್ಲಿ ಯಾರೂ ಅಡ್ಡ ಬರುವಂತಿಲ್ಲ. ಇರುವುದು ಆಟಗಾರ, ಚೆಂಡು ಮತ್ತು ಗುರುತ್ವಾಕರ್ಷಣೆ, ಇಷ್ಟೆ.

ಬಳೆಯು ನೆಲದಿಂದ 3.05 ಮೀಟರ್ ಎತ್ತರದಲ್ಲಿದೆ. ಅದರ ವ್ಯಾಸ 45 ಸೆಂಟಿಮೀಟರ್. ಚೆಂಡಿನದು ಸುಮಾರು 24. ಗೆರೆಯಿಂದ ಬಳೆಯ ಕೇಂದ್ರಕ್ಕೆ ಸುಮಾರು 4.2 ಮೀಟರ್. ನಮ್ಮ ಹುಡುಗನು 2.1 ಮೀಟರ್ ಎತ್ತರದಲ್ಲಿ ಚೆಂಡನ್ನು ಕೈಬಿಡುತ್ತಾನೆಂದು ಇಟ್ಟುಕೊಳ್ಳೋಣ. ಗಾಳಿಯ ತಡೆ ಅಲ್ಪವಾದುದರಿಂದ ಅದನ್ನು ಗಣಿಸಬೇಕಾಗಿಲ್ಲ.

ಬಳೆಯನ್ನು ನೇರವಾಗಿ ಮೇಲಿನಿಂದ ನೋಡಿದರೆ ಪೂರ್ಣ ವೃತ್ತ. ಓರೆಯಾಗಿ ನೋಡಿದರೆ ಚಪ್ಪಟೆಯಾದ ಅಂಡಾಕಾರ. ಚೆಂಡಿಗೂ ಹಾಗೆಯೇ. ಕ್ಷಿತಿಜದೊಡನೆ ಸುಮಾರು 32 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಇಳಿದರೆ ಬಳೆಗೆ ತಗಲದೆ ಒಳಹೋಗಲು ಅದಕ್ಕೆ ಎಡೆಯೇ ಇರದು. ಇದಕ್ಕಾಗಿ ಕೈಯಿಂದ ಹೊರಡುವಾಗ ಕೋನವು 47 ಡಿಗ್ರಿಯಾದರೂ ಇರಬೇಕೆಂದು ಲೆಕ್ಕದಿಂದ ತಿಳಿಯುತ್ತದೆ. ಗೋಡೆಗೆ ಕಲ್ಲೆಸೆದಂತೆ 40 ಡಿಗ್ರಿಯಲ್ಲಿ ಎಸೆಯುವವನು ಬಳೆಯ ಕರುಣೆಯನ್ನೇ ನಂಬಿರುತ್ತಾನೆ.

ಹಾಗಾದರೆ ಚೆಂಡು ಮುಗಿಲಿಗೇರುವಂತೆ 60 ಡಿಗ್ರಿಯಲ್ಲಿ ಎಸೆಯಬಾರದೇಕೆ? ಇಲ್ಲಿಯೇ ಸ್ವಾರಸ್ಯವಿದೆ. 60 ಡಿಗ್ರಿಯಲ್ಲಿ ಬೇಕಾದ ವೇಗ ಸೆಕೆಂಡಿಗೆ 7.4 ಮೀಟರ್; ಚೆಂಡು 52 ಡಿಗ್ರಿಯ ಕಡಿದಾದ ಕೋನದಲ್ಲಿ ಇಳಿಯುವುದರಿಂದ, ಗುರಿಯು ಹಿಂದೆಯೋ ಮುಂದೆಯೋ 7 ಸೆಂಟಿಮೀಟರ್ ತಪ್ಪಿದರೂ ಬಳೆಗೆ ಸೋಕದು. ಕನಿಷ್ಠ ವೇಗ ಸಾಕಾಗುವ ಕೋನವಾದರೋ 51 ಡಿಗ್ರಿಗಿಂತ ತುಸು ಹೆಚ್ಚು. ಆಗ ವೇಗ 7.2 ಮೀಟರ್, ಉಳಿಯುವ ಅವಕಾಶ 3 ಸೆಂಟಿಮೀಟರ್ ಮಾತ್ರ. ಮೇಲುನೋಟಕ್ಕೆ 60 ಡಿಗ್ರಿಯೇ ಮೇಲೆಂದು ತೋರುವುದು ಸಹಜ.

ಆದರೆ ಮನುಷ್ಯನ ಕೈ ಯಂತ್ರವಲ್ಲ. ವೇಗವನ್ನು ಬದಲಿಸದೆ ಕೋನವು ಕೇವಲ 2 ಡಿಗ್ರಿ ಹೆಚ್ಚಾಯಿತೆನ್ನೋಣ. 60ರ ಬದಲು 62 ಆದರೆ ಚೆಂಡು ಗುರಿಗಿಂತ 15 ಸೆಂಟಿಮೀಟರ್ ಹಿಂದೆಯೇ ಬೀಳುತ್ತದೆ. ಎಸೆತ ಬಳೆಗೆ ಬಡಿಯುತ್ತದೆ. ಕನಿಷ್ಠ ವೇಗದ ಕೋನದಲ್ಲಿ ಅದೇ 2 ಡಿಗ್ರಿಯ ತಪ್ಪಿಗೆ ಅದು ಹಿಂದೆ ಬೀಳುವುದು 2 ಸೆಂಟಿಮೀಟರ್ ಮಾತ್ರ. ಚೆಂಡು ಒಳಗೇ ಹೋಗುತ್ತದೆ. ಕಾರಣವು ಸುಲಭ. ಕೋನಕ್ಕೂ ವೇಗಕ್ಕೂ ನಕ್ಷೆಯನ್ನು ಎಳೆದರೆ ಕನಿಷ್ಠ ಬಿಂದುವಿನಲ್ಲಿ ರೇಖೆಯು ಕಣಿವೆಯ ತಳದಂತೆ ಸಮತಟ್ಟಾಗಿರುತ್ತದೆ. ಅಲ್ಲಿ ಅತ್ತಿತ್ತ ಸರಿದರೂ ಬೇಕಾದ ವೇಗವು ಹೆಚ್ಚು ಬದಲಾಗದು. ಕಲನಶಾಸ್ತ್ರವನ್ನು ಓದುತ್ತಿರುವ ವಿದ್ಯಾರ್ಥಿಯು ಅವಕಲನವು ಸೊನ್ನೆಯಾಗುವುದರ ಅರ್ಥವನ್ನು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿ ಕಂಡಾನು! ಬ್ರೂಕ್ಲಿನ್ ಕಾಲೇಜಿನ ಪೀಟರ್ ಬ್ರಾಂಕಾಜಿಯೊ ಎಂಬ ಭೌತವಿಜ್ಞಾನಿ 1981ರಲ್ಲಿ ಈ ಆಟದ ಭೌತವಿಜ್ಞಾನವನ್ನು ಕುರಿತು ವಿಸ್ತಾರವಾದ ಪ್ರಬಂಧವನ್ನೇ ಪ್ರಕಟಿಸಿದರು.

ಎರಡು ಕೈಗಳಿಂದ ಮೊಣಕಾಲಿನ ನಡುವಿನಿಂದ ಚೆಂಡನ್ನು ಮೇಲಕ್ಕೆತ್ತಿ ಎಸೆಯುವ ಹಳೆಯ ರೀತಿಯೊಂದುಂಟು. ವಿಲ್ಟ್ ಚೇಂಬರ್ಲೇನ್ 1962ರ ಮಾರ್ಚ್ 2ರಂದು ಒಂದೇ ಆಟದಲ್ಲಿ 100 ಅಂಕ ಗಳಿಸಿದಾಗ ಹೀಗೆಯೇ ಎಸೆದು, 32 ಫ್ರೀ ಥ್ರೋಗಳಲ್ಲಿ 28ನ್ನು ಸಾಧಿಸಿದನು. ಆದರೂ ನೋಡುವವರಿಗೆ ಹೆಣ್ಣಿಗತನವಾಗಿ ಕಾಣುತ್ತದೆಂದು ಅಳುಕಿ, ಮುಂದೆ ಅದನ್ನು ಬಿಟ್ಟುಬಿಟ್ಟನು! ರಿಕ್ ಬ್ಯಾರಿ ಅಳುಕಲಿಲ್ಲ. ಆತನ ಎಸೆತಗಳಲ್ಲಿ ನೂರಕ್ಕೆ ಸುಮಾರು 90 ಬುಟ್ಟಿಗೆ ಬಿದ್ದವು. ಆತನ ಮಗ ಕ್ಯಾನ್ಯನ್ ಹೈಸ್ಕೂಲಿನಲ್ಲಿದ್ದಾಗಲೇ ತಂದೆಯ ರೀತಿಯನ್ನು ಹಿಡಿದನು. ಕಾಲೇಜಿನಲ್ಲಿ ಆತನು ಪದವಿ ಪಡೆದ ವಿಷಯವೂ ಭೌತವಿಜ್ಞಾನವೇ. ಬಳಿಕ ಫ್ಲಾರಿಡಾ ವಿಶ್ವವಿದ್ಯಾನಿಲಯದ ತಂಡಕ್ಕೆ 2016–17ರಲ್ಲಿ ಆಡುತ್ತ ನೂರಕ್ಕೆ 88ರಷ್ಟನ್ನು ಗುರಿ ಮುಟ್ಟಿಸಿದನು. ಎರಡು ಕೈಗಳೂ ಸಮವಾಗಿ ದುಡಿಯುವುದರಿಂದ ಚೆಂಡು ಪಕ್ಕಕ್ಕೆ ಓಲುವುದು ಕಡಿಮೆ. ಅಲ್ಲದೆ ಅದು ಹಿಮ್ಮುಖವಾಗಿ ತಿರುಗುತ್ತ ಸಾಗುವುದರಿಂದ, ಬಳೆಗೆ ತಗಲಿದಾಗ ಘರ್ಷಣೆಯು ಅದರ ಮುನ್ನುಗ್ಗುವಿಕೆಯನ್ನು ಕುಗ್ಗಿಸುತ್ತದೆ. ಚೆಂಡು ದೂರ ಸಿಡಿಯದೆ ಬುಟ್ಟಿಯೊಳಕ್ಕೆ ಜಾರಬಹುದು.

ವಾಚಕರು ತಾವೇ ಲೆಕ್ಕ ಮಾಡಿ ನೋಡಬಹುದು. ಕೈಬಿಡುವ ಎತ್ತರ 2.1ರ ಬದಲು 2.4 ಮೀಟರ್ ಆದರೆ ಕನಿಷ್ಠ ವೇಗವು 6.9ಕ್ಕೆ ಇಳಿಯುತ್ತದೆ, ಕೋನ ಸುಮಾರು 49 ಡಿಗ್ರಿಯಾಗುತ್ತದೆ. ಕನಿಷ್ಠ ವೇಗದ ಎಸೆತದಲ್ಲಿ ಚೆಂಡು ಹೊರಡುವ ದಿಕ್ಕೂ ಬಳೆಯನ್ನು ಹೊಗುವ ದಿಕ್ಕೂ ಪರಸ್ಪರ ಲಂಬವಾಗಿರುತ್ತವೆ; ಇದನ್ನು ಸಾಧಿಸಲು ಪ್ರಕ್ಷೇಪಕದ ಸಮೀಕರಣ, ಕಾಗದ ಮತ್ತು ಒಂದು ಸಂಜೆ ಸಾಕು.