ಮೂವರ ನಡಿಗೆ

ಮನುಷ್ಯನಿಗೂ ನಾಯಿಗೂ ಇರುವ ನಂಟು ಬಹು ಪ್ರಾಚೀನವಾದುದು. ನಮ್ಮ ನಾಡಿನ ಶಾಸನಗಳಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. 949-50ರ ಕಾಲದ ಶಿಲಾಶಾಸನವೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ದೊರೆ ಎರಡನೆಯ ಬೂತುಗನು ಮಣಲೆರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಅವನು 'ಕಾಳಿ' ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಕಾಳಿ ದೊಡ್ಡ ಹಂದಿಯೊಂದರೊಡನೆ ಹೋರಾಡಿತು. ಎರಡೂ ಒಟ್ಟಿಗೆ ಮಡಿದವು. ಆ ನಾಯಿಯ ನೆನಪಿಗಾಗಿ ಕಲ್ಲು ನೆಡಲಾಯಿತು.

ಕಾಳಿಯ ಕಾಲದಿಂದ ಸಾವಿರ ವರ್ಷಗಳಿಗೂ ಮಿಗಿಲಾಗಿ ಸಂದಿವೆ. ಆದರೂ ಓಡುವುದನ್ನು ಕಂಡರೆ ಅಟ್ಟಿಕೊಂಡು ಹೋಗುವ ಗುಣವು ನಾಯಿಯ ನೆತ್ತರಿನಿಂದ ಅಳಿದಿಲ್ಲ. ಇದನ್ನು ನಾನು ಮರೆತ ಒಂದು ಸಂಜೆಯ ಪ್ರಸಂಗವನ್ನು ಇಲ್ಲಿ ಹೇಳುತ್ತೇನೆ.

ಆಗ ನಮ್ಮ ಮನೆಯಲ್ಲಿ ಮುಧೋಳ ತಳಿಯ ನಾಯಿಯೊಂದಿತ್ತು. ಬಹು ಸಾಧುವಾದ ಪ್ರಾಣಿ. ಆರು ವರ್ಷದ ಮೊಮ್ಮಗನೂ ನಾನೂ ಅದರೊಡನೆ ತಿರುಗಾಡಲು ಹೊರಟೆವು. "ಅಜ್ಜಾ, ಹಗ್ಗ ನಾನು ಹಿಡಿಯುತ್ತೇನೆ" ಎಂದು ಹುಡುಗ ಹಟ ಹಿಡಿದನು. ಕೊಟ್ಟೆನು. ಜಾರದಿರಲೆಂದು ಅವನು ಅದನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡನು. ಅಷ್ಟರಲ್ಲಿ ಬೇಲಿಯಿಂದ ಬೆಕ್ಕೊಂದು ನೆಗೆದು ರಸ್ತೆಗೆ ಅಡ್ಡಲಾಗಿ ಓಡಿತು. ನಾಯಿ ಬಾಣದಂತೆ ಚಿಮ್ಮಿತು. ಹುಡುಗನು ಮುಗ್ಗರಿಸಿ ಬಿದ್ದು, ಹಗ್ಗದೊಡನೆ ನಡುರಸ್ತೆಯವರೆಗೂ ಎಳೆಯಲ್ಪಟ್ಟನು. ಎದುರಿಗೆ ಬರುತ್ತಿದ್ದ ಲಾರಿಯವನು ಎಚ್ಚರದಿಂದಿದ್ದುದರಿಂದ ಮಗು ಉಳಿಯಿತು. ನಾಯಿ ತನ್ನ ಸ್ವಭಾವದಂತೆ ಓಡಿತ್ತು. ಮಗು ನನ್ನನ್ನು ನಂಬಿತ್ತು. ತಪ್ಪು ಮಾಡಿದವನು ನಾನು.

ಬೆಳೆದ ಮುಧೋಳ ನಾಯಿಯ ತೂಕ 20 ಕಿಲೋಗ್ರಾಂಗೂ ಹೆಚ್ಚು. ಆರು ವರ್ಷದ ಬಾಲಕನ ತೂಕವೂ ಹೆಚ್ಚುಕಡಿಮೆ ಅಷ್ಟೇ. ನಾಲ್ಕು ಕಾಲುಗಳನ್ನು ನೆಲಕ್ಕೂರಿ ಎಳೆಯುವ ನಾಯಿಯ ಮುಂದೆ ಎರಡು ಕಾಲಿನ ಮಗು ಹೇಗೆ ನಿಂತೀತು? ಸಾಧುತನ ಬೇರೆ, ಬಲ ಬೇರೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಪುಟ್ಟ ತಮ್ಮನನ್ನೂ ನಾಯಿಯನ್ನೂ ಕರೆದುಕೊಂಡು ಹೊರಡುವುದುಂಟು. ಆಗ ಹಿರಿಯರು ನೀವೇ. ನಿಮಗಿರುವುದು ಎರಡೇ ಕೈಗಳು: ಒಂದು ನಾಯಿಗೆ, ಒಂದು ಮಗುವಿಗೆ. ಎರಡನೆಯ ಮಗುವಿದ್ದರೆ ಇನ್ನೊಬ್ಬ ದೊಡ್ಡವರು ಜೊತೆಗೆ ಬರಬೇಕು. ನಾಯಿಯನ್ನು ನಿಲ್ಲಿಸುವಷ್ಟು ಬಲ ನಿಮಗಿಲ್ಲದಿದ್ದರೆ ತಂದೆತಾಯಿಯರಿಲ್ಲದೆ ಹೊರಡಲೇಬೇಡಿ. ಹಗ್ಗವನ್ನು ಅಂಗೈಯಲ್ಲಿ ಹಿಡಿಯಬೇಕೇ ಹೊರತು ಮಣಿಕಟ್ಟಿಗಾಗಲಿ ಸೊಂಟಕ್ಕಾಗಲಿ ಸುತ್ತಕೂಡದು. ನೀವು ನಡುವೆ ನಡೆಯಿರಿ. ಮಗು ವಾಹನಗಳಿಂದ ದೂರದ ಬದಿಯಲ್ಲಿರಲಿ. ನಾಯಿಯ ಹಗ್ಗ ಗಿಡ್ಡವಾಗಿರಲಿ. ಹಗ್ಗ ಹಿಡಿಯುವ ಆಸೆ ಮಗುವಿಗಿದ್ದರೆ ಕೊರಳಪಟ್ಟಿಗೆ ಇನ್ನೊಂದು ಹಗ್ಗ ಕಟ್ಟಿ, ಸಡಿಲವಾಗಿ ಅದರ ಕೈಗೆ ಕೊಡಬಹುದು. ಆದರೆ ಅದು ಬಯಲಿನಲ್ಲಿ ಮಾತ್ರ. ನಿಜವಾದ ಹಿಡಿತ ನಿಮ್ಮದೇ ಆಗಿರಬೇಕು.

ನಾಯಿಗೆ ಮಾತಿಲ್ಲದಿದ್ದರೂ ಭಾಷೆಯುಂಟು. ಬಾಲವನ್ನು ಕಾಲ್ನಡುವೆ ಅಡಗಿಸುವುದು, ಕಿವಿಗಳನ್ನು ಹಿಂದಕ್ಕೆ ಒತ್ತುವುದು, ಮುಖ ತಿರುಗಿಸುವುದು, ಇವು ಅಂಜಿಕೆಯ ಗುರುತುಗಳು. ಗುರುಗುಟ್ಟುವುದು ಎಚ್ಚರಿಕೆಯ ಮಾತು. ಕೂಡಲೇ ಮಗುವನ್ನು ದೂರ ಸರಿಸಬೇಕು. ಬೀದಿನಾಯಿಗಳು ಎದುರಾದಾಗ ಮಕ್ಕಳು ಕಿರುಚಿ ಓಡುತ್ತಾರೆ. ಓಡುವುದನ್ನು ಅಟ್ಟುವುದೇ ನಾಯಿಯ ಗುಣವೆಂಬುದನ್ನು ನೆನೆಯಿರಿ. ಕೈಗಳನ್ನು ಇಳಿಬಿಟ್ಟು, ಅದರ ಕಣ್ಣನ್ನು ದಿಟ್ಟಿಸದೆ, ಮರದಂತೆ ನಿಲ್ಲುವುದನ್ನು ಮಕ್ಕಳಿಗೆ ಮನೆಯಲ್ಲಿಯೇ ಆಟವಾಗಿ ಕಲಿಸಬೇಕು.

ಒಂದು ವೇಳೆ ನಾಯಿ ಕಚ್ಚಿದರೆ, ಅದು ಸಾಕಿದ ನಾಯಿಯೇ ಆಗಲಿ, ಗಾಯ ಸಣ್ಣದೇ ಇರಲಿ, ಹರಿಯುವ ನೀರಿನಲ್ಲಿ ಸಾಬೂನಿನಿಂದ 15 ನಿಮಿಷ ತೊಳೆದು ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. 1885ರಲ್ಲಿ ಲೂಯಿ ಪಾಶ್ಚರನು ಹುಚ್ಚುನಾಯಿ ಕಚ್ಚಿದ 9 ವರ್ಷದ ಬಾಲಕನಿಗೆ ಲಸಿಕೆ ಹಾಕಿದನು, ಬಾಲಕನು ಬದುಕಿದನು. ಆದರೆ ರೋಗದ ಲಕ್ಷಣಗಳು ತೋರಿದ ಮೇಲೆ ಬದುಕುವವರು ತೀರ ವಿರಳ. ಬೈಗುಳಕ್ಕೆ ಹೆದರಿ ಮಕ್ಕಳು ಗಾಯವನ್ನು ಮುಚ್ಚಿಡುತ್ತಾರೆ. ಆದುದರಿಂದ, ನಡೆದುದನ್ನು ಹೇಳಿದ ಮಗುವನ್ನು ಯಾರೂ ಗದರಿಸಬಾರದು.

ಮಣಿಕಟ್ಟಿನ ಕಲೆ ಮಾಯುವವರೆಗೂ ಮೊಮ್ಮಗನು ನಾಯಿಯ ಹತ್ತಿರ ಸುಳಿಯಲಿಲ್ಲ. ಮತ್ತೆ ಮೂವರೂ ಹೊರಟ ದಿನ, ಹಗ್ಗ ನನ್ನ ಬಲಗೈಯಲ್ಲಿತ್ತು, ಅವನ ಪುಟ್ಟ ಕೈ ನನ್ನ ಎಡಗೈಯಲ್ಲಿತ್ತು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮಣಲೆರನು ದೊರೆಯಿಂದ ಬೇಡಿ ಪಡೆದುದೇನು?
2. ಹಗ್ಗವನ್ನು ಮಣಿಕಟ್ಟಿಗೆ ಏಕೆ ಸುತ್ತಬಾರದು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. "ಸಾಧುತನ ಬೇರೆ, ಬಲ ಬೇರೆ": ಈ ಮಾತನ್ನು ವಿವರಿಸಿರಿ.
2. ನಾಯಿ ಕಚ್ಚಿದಾಗ ಮಾಡಬೇಕಾದುದೇನು?